ಕಲ್ಲಿನ ಹೂಜಿಗೆ ಬೆಳ್ಳಿಯ ರೆಕ್ಕೆ

ರುದ್ರಾಕ್ಷಿಗೆ ಚಿನ್ನದ ಕಟ್ಟು ಹಾಕಿಸುವುದು ನಮಗೆ ಹೊಸದಲ್ಲ. ಆದರೆ ಕಲ್ಲಿನ ಹೂಜಿಗೆ ಕಟ್ಟು ಹಾಕಿಸಿ ಅದನ್ನು ಹದ್ದಾಗಿಸಿದವರೊಬ್ಬರಿದ್ದರು: ಸುಜೇರ್. ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್‌ನಲ್ಲಿ, ಫ್ರಾನ್ಸಿನ ರಾಜರನ್ನು ಹೂಳುತ್ತಿದ್ದ ಮಠಕ್ಕೆ 1122ರಿಂದ 1151ರವರೆಗೆ ಅವರೇ ಅಧಿಪತಿ.

ಆ ಹದ್ದು ಈಗ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಎತ್ತರ 43 ಸೆಂ.ಮೀ. ಹೊಟ್ಟೆ ಮಾತ್ರ ಕಡುಗೆಂಪು ಕಲ್ಲು. ತಲೆ, ರೆಕ್ಕೆ, ಕಾಲು, ಬಾಲವೆಲ್ಲ ಚಿನ್ನದ ಲೇಪದ ಬೆಳ್ಳಿ. ಕೊಕ್ಕು ಬಾಗಿದೆ, ಕತ್ತು ಪಕ್ಕಕ್ಕೆ ಹೊರಳಿದೆ. ಕೊರಳಪಟ್ಟಿಯಲ್ಲಿ ಲ್ಯಾಟಿನ್ ಬರಹ. ಈ ಕಲ್ಲಿಗೆ ರತ್ನ, ಚಿನ್ನದ ಆವರಣವೇ ತಕ್ಕದ್ದು ಎಂಬುದು ಅದರ ಸಾರಾಂಶ.

ಹೂಜಿ ಸುಜೇರ್ ಕಾಲದ್ದಲ್ಲ, ರೋಮನ್ ಯುಗದಷ್ಟು ಹಳೆಯದು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿತ್ತೆಂದು ಅವರೇ ಬರೆದಿಟ್ಟಿದ್ದಾರೆ. ಕಲ್ಲಿನ ಹೆಸರು ಪಾರ್ಫಿರಿ, ತವರು ಈಜಿಪ್ಟಿನ ಪೂರ್ವ ಮರುಭೂಮಿ. ಸುಜೇರ್ ಇದ್ದ ಶತಮಾನದಲ್ಲೇ ಹಳೇಬೀಡಿನ ಶಿಲ್ಪಿಗಳ ಕೈಯಲ್ಲಿದ್ದದ್ದು ಬಳಪದ ಕಲ್ಲು. ಉಳಿ ಹೇಳಿದಂತೆ ಕೇಳುವ ಮೆದು ಕಲ್ಲು. ಪಾರ್ಫಿರಿ ಹಾಗಲ್ಲ. ಗಟ್ಟಿ ಪುಡಿ ಹಾಕಿ ಉಜ್ಜುತ್ತ ಉಜ್ಜುತ್ತ ಅದರ ಹೊಟ್ಟೆ ತೋಡಬೇಕು. ಅಷ್ಟು ಬೆವರು ಹೀರಿದ ಪಾತ್ರೆಯ ಆಕಾರವನ್ನು ಸುಜೇರ್‌ನ ಅಕ್ಕಸಾಲಿಗರು ಕೆಡಿಸಲಿಲ್ಲ. ಅದರೊಳಗೇ ಹಕ್ಕಿಯ ಮೈ ಕಂಡರು.

ದೇವರ ಮನೆಗೆ ಇಷ್ಟು ಚಿನ್ನವೇಕೆ ಎಂದು ಕೇಳುವವರು ಆಗಲೂ ಇದ್ದರು. ಸಂತ ಬರ್ನಾರ್ಡ್ ಅವರಲ್ಲಿ ಮುಖ್ಯರು. ಆದರೆ ರತ್ನದ ಹೊಳಪು ಮನಸ್ಸನ್ನು ದೇವರತ್ತ ಎತ್ತುತ್ತದೆ ಎಂಬುದು ಸುಜೇರ್ ನಂಬಿಕೆ.

ಅವರು ಹೀಗೆ ಕಟ್ಟು ಹಾಕಿಸಿದ ಪಾತ್ರೆಗಳು ಇನ್ನೂ ಇವೆ. ರಾಣಿ ಎಲಿಯನೋರ್ ತನ್ನ ಗಂಡ ಏಳನೇ ಲೂಯಿಗೆ ಕೊಟ್ಟ, ಜೇನುಗೂಡಿನ ಕೆತ್ತನೆಯ ಸ್ಫಟಿಕದ ಹೂಜಿ ಹದ್ದಿನೊಂದಿಗೆ ಲೂವ್ರ್‌ನಲ್ಲೇ ಉಳಿದಿದೆ. ಪಟ್ಟೆಪಟ್ಟೆ ಅಕೀಕು ಕಲ್ಲಿನ ಪೂಜಾ ಬಟ್ಟಲಿನ ಪಾಡು ಬೇರೆ. ಫ್ರೆಂಚ್ ಕ್ರಾಂತಿಯಲ್ಲಿ ಮಠದ ಭಂಡಾರ ಚದುರಿತು. 1804ರಲ್ಲಿ ಪ್ಯಾರಿಸ್‌ನಿಂದ ಬಟ್ಟಲು ಕಳವಾಯಿತು. 1922ರಲ್ಲಿ ಅಮೆರಿಕದ ಜೋಸೆಫ್ ವೈಡನರ್ ಕೊಂಡರು. 1942ರಿಂದ ಅದು ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಒಂದೇ ಮಠದ ಪಾತ್ರೆಗಳ ನಡುವೆ ಈಗ ಒಂದು ಸಾಗರ. ಪ್ಯಾರಿಸ್‌ಗೆ ಹೋದವರು ಮೊನಾಲಿಸಾ ಮುಂದಿನ ನೂಕುನುಗ್ಗಲಿನಿಂದ ಬಿಡಿಸಿಕೊಂಡು ಬಂದು ಈ ಹದ್ದಿನ ಮುಂದೆ ಐದು ನಿಮಿಷ ನಿಲ್ಲಿ. ಬೆಳ್ಳಿ ಬಿಟ್ಟು ಮೊದಲು ಕಲ್ಲು ನೋಡಿ.