ಉದ್ರಿ ಲೆಕ್ಕದಲ್ಲಿ ಒಂದಕ್ಷರದ ತಪ್ಪು

ನಮ್ಮ ಅಬ್ಬಾ ಅವರದು ಪೇಂಟ್ ಮತ್ತು ಹಾರ್ಡ್‌ವೇರ್ ಅಂಗಡಿ. ಕಳೆದ ರಜೆಯಲ್ಲಿ ಅಂಗಡಿಯ ಉದ್ರಿ ಲೆಕ್ಕ ಇಡಲು ಪಿಎಚ್‌ಪಿಯಲ್ಲಿ ಒಂದು ಸಣ್ಣ ವೆಬ್ ಪ್ರೋಗ್ರಾಂ ಬರೆದೆ. ಪಿಎಚ್‌ಪಿ ಸರ್ವರ್‌ನಲ್ಲಿ ಓಡುವ ಭಾಷೆ. ನಾವು ಪುಟ ಕೇಳಿದಾಗ ಅದು ಡೇಟಾಬೇಸ್‌ನಿಂದ ಮಾಹಿತಿ ತೆಗೆದು, ಪುಟ ತಯಾರಿಸಿ ಬ್ರೌಸರಿಗೆ ಕಳುಹಿಸುತ್ತದೆ.

ಪ್ರೋಗ್ರಾಂ ವೇಗವಾಗಿ ಓಡಬೇಕೆಂಬುದು ನನ್ನ ಹುಚ್ಚು. ವೇರಿಯಬಲ್‌ಗಳ ಹೆಸರನ್ನೆಲ್ಲ ಒಂದೊಂದು ಅಕ್ಷರಕ್ಕೆ ಇಳಿಸಿದೆ. ಡಬಲ್ ಕೋಟ್ ಇದ್ದಲ್ಲೆಲ್ಲ ಸಿಂಗಲ್ ಕೋಟ್ ಹಾಕಿದೆ. ಕಾಮೆಂಟ್‌ಗಳನ್ನು ಅಳಿಸಿದೆ. ನಾಲ್ಕು ಸಾಲಿನ ಲೆಕ್ಕವನ್ನು ಒಂದೇ ಸಾಲಿಗೆ ತುರುಕಿದೆ. ಇಂಥ ಚಿಲ್ಲರೆ ಉಳಿತಾಯಕ್ಕೆ ಮೈಕ್ರೋ ಆಪ್ಟಿಮೈಸೇಶನ್ ಎನ್ನುತ್ತಾರೆ.

ಆರು ತಿಂಗಳ ನಂತರ ಅಬ್ಬಾ, ರಿಯಾಯಿತಿ ಬರೆಯಲೂ ಒಂದು ಜಾಗ ಬೇಕು ಎಂದರು. ಕೋಡ್ ತೆರೆದರೆ 'ಆರ್' ಎಂಬ ವೇರಿಯಬಲ್ ಆಗಲೇ ಇತ್ತು. ಅದು ರಿಯಾಯಿತಿಯೇ ಇರಬೇಕು ಎಂದುಕೊಂಡು ಹೊಸ ಮೊತ್ತವನ್ನು ಅದಕ್ಕೇ ಹಾಕಿದೆ. ನಿಜಕ್ಕೂ ಅದು 'ರಿಟರ್ನ್', ಅಂದರೆ ವಾಪಸ್ ಬಂದ ಮಾಲಿನ ಬೆಲೆ. ಹೊಸ ಮೊತ್ತ ಬಂದು ಹಳೆಯದು ಅಳಿಸಿಹೋಯಿತು. ವಾಪಸ್ ಮಾಲಿನ ಹಣ ಬಾಕಿಯಿಂದ ಕಳೆಯುವುದು ನಿಂತಿತು. ಎರಡು ಡಬ್ಬ ಪೇಂಟ್ ವಾಪಸ್ ಕೊಟ್ಟಿದ್ದ ಹಳೆಯ ಗಿರಾಕಿಯೊಬ್ಬರ ಹತ್ತಿರ ಅಬ್ಬಾ ಅದರ ಹಣವನ್ನೂ ಕೇಳಿಬಿಟ್ಟರು. ಅವರು ಮಾತಾಡದೆ ಕೊಟ್ಟು ಹೋದರು. ರಾತ್ರಿ ಖಾತೆ ಪುಸ್ತಕ ನೋಡಿದಾಗ ತಪ್ಪು ತಿಳಿಯಿತು. ಮರುದಿನ ಅಬ್ಬಾ ಅವರೇ ಗಿರಾಕಿಯ ಮನೆಗೆ ಹೋಗಿ ಹಣ ಕೊಟ್ಟು ಬಂದರು. ನನಗೆ ಹೇಳಿದ್ದು ಇಷ್ಟೇ: "ಹಿಸಾಬ್ ಸಾಫ್ ಇರಬೇಕು ಬೇಟಾ."

ಅಷ್ಟೆಲ್ಲ ಮಾಡಿ ನಾನು ಉಳಿಸಿದ್ದೇನು? ಲೆಕ್ಕಕ್ಕೆ ಬರುವಂಥದ್ದು ಏನೂ ಇಲ್ಲ. ಪಿಎಚ್‌ಪಿ ನಾವು ಬರೆದದ್ದನ್ನು ಮೊದಲು ಆಪ್‌ಕೋಡ್ ಎಂಬ ಸೂಚನೆಗಳಾಗಿ ಬದಲಾಯಿಸಿ, ಆಮೇಲೆ ಓಡಿಸುತ್ತದೆ. ಸಾಮಾನ್ಯ ಕಾಮೆಂಟ್‌ಗಳು ಅಲ್ಲಿಗೆ ಹೋಗುವುದೇ ಇಲ್ಲ. ಒಳಗೆ ವೇರಿಯಬಲ್ ಇಲ್ಲದಿದ್ದರೆ ಸಿಂಗಲ್ ಕೋಟ್ ಆದರೂ ಡಬಲ್ ಕೋಟ್ ಆದರೂ ಆಪ್‌ಕೋಡ್ ಒಂದೇ. 2013ರ ಪಿಎಚ್‌ಪಿ 5.5ರಿಂದ ಆಪ್‌ಕ್ಯಾಶ್ ಜೊತೆಯಲ್ಲೇ ಬರುತ್ತಿದೆ. ಅದು ಆನ್ ಇದ್ದರೆ ಈ ಬದಲಾವಣೆಯನ್ನೂ ಪ್ರತಿ ಸಲ ಮಾಡಬೇಕಿಲ್ಲ.

ನಿಜವಾದ ನಿಧಾನ ಬೇರೆ ಕಡೆ ಇತ್ತು. ಮೈಕ್ರೋಟೈಮ್ ಎಂಬ ಫಂಕ್ಷನ್ ಹಾಕಿ ಅಳೆದಾಗ ಸಿಕ್ಕಿತು. ಗಿರಾಕಿಗಳ ಪಟ್ಟಿಗೆ ಒಂದು ಕ್ವೆರಿ. ಆಮೇಲೆ ಲೂಪ್‌ನೊಳಗೆ ಪ್ರತಿಯೊಬ್ಬರಿಗೂ ಒಂದೊಂದು. 200 ಗಿರಾಕಿಗಳಿಗೆ 201 ಕ್ವೆರಿ! ಒಂದೊಂದು ಮೊಳೆಗೂ ಒಂದೊಂದು ಸಲ ಗೋಡೌನಿಗೆ ಹೋಗಿ ಬಂದ ಹಾಗೆ. ಜಾಯಿನ್ ಬಳಸಿ ಒಂದೇ ಕ್ವೆರಿ ಮಾಡಿದೆ. ಪುಟ ಬೇಗ ಬಂತು, ಕೋಡ್ ಓದಲೂ ಸುಲಭವಾಯಿತು.

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1974ರಲ್ಲೇ ಈ ಬಗ್ಗೆ ಎಚ್ಚರಿಸಿದ್ದರು. ನೂರಕ್ಕೆ 97 ಸಲ ಸಣ್ಣಪುಟ್ಟ ಉಳಿತಾಯ ಮರೆತುಬಿಡಿ, ಮುಖ್ಯವಾದ ಆ 3ರಲ್ಲಿ ಮಾತ್ರ ಅವಕಾಶ ಬಿಡಬೇಡಿ ಎಂಬುದು ಅವರ ಮಾತಿನ ಸಾರ. ಆ 3 ಎಲ್ಲಿದೆ ಎಂದು ಊಹಿಸಬಾರದು, ಅಳೆಯಬೇಕು.

ಕಾಮರ್ಸ್‌ನವರಾದ ನಮಗೆ ಇದು ಹೊಸದಲ್ಲ. ಜರ್ನಲ್ ಎಂಟ್ರಿಯ ಕೆಳಗೆ ನರೇಷನ್ ಬರೆಯುತ್ತೇವಲ್ಲ, ಅದು ಯಾಕೆ? ಮುಂದೆ ಓದುವವರಿಗೆ ಹಣ ಯಾಕೆ ಬಂತು, ಯಾಕೆ ಹೋಯಿತು ಎಂದು ತಿಳಿಯಲಿ ಎಂದು. ಕೋಡ್ ಕೂಡ ಹಾಗೇ. ಆರು ತಿಂಗಳ ನಂತರ ಓದುವವರು ನಾವೇ ಆಗಿರಬಹುದು.

ಈಗ ನನ್ನ ಪ್ರೋಗ್ರಾಂನಲ್ಲಿ 'ಆರ್' ಇಲ್ಲ. 'ವಾಪಸ್ ಮಾಲು' ಮತ್ತು 'ರಿಯಾಯಿತಿ' ಎಂಬ ಎರಡು ಪೂರ್ತಿ ಹೆಸರುಗಳಿವೆ.