ಕೆಂಪು ನೆಲಕ್ಕೆ ಬಣ್ಣ ಹೊಡೆಸುವ ಮುನ್ನ

ಬೆಂಗಳೂರಿನ ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ. ಆಮೇಲಿನ ದಶಕಗಳಲ್ಲಿ ಅಲ್ಲೂ ಬನಶಂಕರಿಯ ಕಡೆಯೂ ಎದ್ದ ಎಷ್ಟೋ ಮನೆಗಳದು ರೆಡ್ ಆಕ್ಸೈಡ್ ನೆಲ. ಉಳಿದಿರುವ ಅಂಥ ಮನೆಗಳಲ್ಲಿ ಮದುವೆಗೋ, ಬಾಡಿಗೆಗೆ ಕೊಡುವ ಮುಂಚೆಯೋ ಸುಣ್ಣಬಣ್ಣ ಶುರುವಾದಾಗ ಪೇಂಟರ್ ಒಂದು ಮಾತು ಹೇಳುತ್ತಾರೆ: "ಗೋಡೆಗೆ ಹೇಗೂ ಹೊಡೀತಿದೀವಿ, ನೆಲಕ್ಕೂ ಒಂದು ಕೋಟ್ ಹೊಡೆದುಬಿಡೋಣ ಸಾರ್." ಒಪ್ಪಿಕೊಳ್ಳುವ ಮುನ್ನ ಸ್ವಲ್ಪ ತಡೆಯಿರಿ.

ನಂಬಿಕೆ: ಕೆಂಪು ನೆಲವೆಂದರೆ ಸಿಮೆಂಟಿನ ಮೇಲೆ ಬಳಿದ ಬಣ್ಣ, ಮಾಸಿದರೆ ಮತ್ತೆ ಬಳಿಯಬೇಕು.

ಸತ್ಯ: ಅಲ್ಲಿ ಯಾರೂ ಬಣ್ಣ ಬಳಿದಿಲ್ಲ. ಗಾರೆ ಮೇಸ್ತ್ರಿ ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಪುಡಿ ಬೆರೆಸಿ, ತಳದ ಹಾಸು ಹಸಿಯಿರುವಾಗಲೇ ಮೇಲೆ ಹರಡಿ, ಕರಣೆಯಲ್ಲಿ ಒತ್ತಿ ತೀಡಿ ನುಣುಪು ಬರಿಸುತ್ತಿದ್ದರು. ಆಮೇಲೆ ದಿನಗಟ್ಟಲೆ ನೀರು ಕಟ್ಟುತ್ತಿದ್ದರು. ಆ ತೆಳು ಪದರದಲ್ಲಿ ಮೇಲಿನಿಂದ ಕೆಳಗಿನವರೆಗೂ ಬಣ್ಣವಿದೆ. ಕಬ್ಬಿಣದ ಆಕ್ಸೈಡ್ ಬಿಸಿಲಿಗೆ ಬಿಳಿಚಿಕೊಳ್ಳುವ ವಸ್ತುವೂ ಅಲ್ಲ. ಮಾಸಿದ ಹಾಗೆ ಕಾಣುವುದು ಹಳೆಯ ಮೇಣ, ಸೋಪಿನ ಜಿಡ್ಡು, ಬೋರ್‌ವೆಲ್ ನೀರಿನ ಬಿಳಿ ಕಲೆ, ಇಲ್ಲವೇ ತಳದಿಂದ ತೇವದ ಜೊತೆ ಮೇಲೆದ್ದ ಉಪ್ಪು.

ಮಂಚದ ಕೆಳಗೆ ಅಂಗೈಯಗಲದ ಜಾಗವನ್ನು ಸೌಮ್ಯ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ನೋಡಿ. ಕೆಂಪು ಎದ್ದು ಬಂದರೆ ನೆಲಕ್ಕೆ ಬೇಕಾದದ್ದು ತೊಳೆತ ಮತ್ತು ತೆಳುವಾಗಿ ಮೇಣದ ಪಾಲಿಶ್. ನನ್ನ ಮಟ್ಟಿಗೆ ಅಂಥ ನೆಲಕ್ಕೆ ಬಣ್ಣ ಹೊಡೆಸುವುದು ಅನ್ಯಾಯ.

ಬಚ್ಚಲು ತೊಳೆಯುವ ಆಸಿಡ್ ಸುರಿದರೆ ಕಲೆ ಹೋಗುತ್ತದೆ ಎಂಬುದೂ ಚಾಲ್ತಿಯಲ್ಲಿದೆ. ಆಸಿಡ್ ಸಿಮೆಂಟನ್ನೇ ತಿನ್ನುತ್ತದೆ. ವರ್ಷಗಟ್ಟಲೆ ಪಾದ ಸವೆದು ಬಂದ ನುಣುಪು ಹೋಗಿ ಮೈ ತರಿತರಿಯಾಗುತ್ತದೆ, ಕೊಳೆ ಇನ್ನಷ್ಟು ಬೇಗ ಕೂರುತ್ತದೆ. ಹುಣಸೆ, ನಿಂಬೆಯೂ ನಿಧಾನವಾಗಿ ಇದನ್ನೇ ಮಾಡುತ್ತವೆ.

ನಂಬಿಕೆ: ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಡಬ್ಬಿ ನೆಲಕ್ಕೂ ಆಗುತ್ತದೆ.

ಸತ್ಯ: ಅದು ಕಿಟಕಿ ಗ್ರಿಲ್‌ಗೆ, ಗೇಟಿಗೆ ತುಕ್ಕು ಹಿಡಿಯದಿರಲೆಂದು ಹೊಡೆಯುವ ಪ್ರೈಮರ್. ಕೆಂಪು ಪುಡಿ ಒಂದೇ, ಅದನ್ನು ಹಿಡಿದಿಡುವ ಅಂಟು ಬೇರೆ. ಎಣ್ಣೆ ಮೂಲದ ಆ ಅಂಟು ಸಿಮೆಂಟಿನ ಕ್ಷಾರಕ್ಕೆ ಸಿಕ್ಕರೆ ಸೋಪಿನಂತಾಗಿ ಮೆತ್ತಗಾಗುತ್ತದೆ, ಪದರ ಪದರವಾಗಿ ಏಳುತ್ತದೆ. ಇದೇ ಕಾರಣಕ್ಕೆ ಹೊಸ ಸಿಮೆಂಟ್ ನೆಲಕ್ಕೂ ಕನಿಷ್ಠ 28 ದಿನ ಕಳೆಯದೆ ಬಣ್ಣ ಮುಟ್ಟಿಸಬಾರದು.

ನಂಬಿಕೆ: ಎಪಾಕ್ಸಿ ಪೇಂಟ್ ಹೊಡೆದರೆ ನೆಲದ ತೇವ ನಿಲ್ಲುತ್ತದೆ.

ಸತ್ಯ: ತೇವ ಅಡಿಯಲ್ಲೇ ಇರುತ್ತದೆ, ಮೇಲೆ ಬರಲು ದಾರಿಯಿಲ್ಲದೆ ಬಣ್ಣವನ್ನು ಗುಳ್ಳೆ ಗುಳ್ಳೆಯಾಗಿ ಎಬ್ಬಿಸುತ್ತದೆ. ಹಳೆಯ ಮನೆಗಳ ಕೆಳಮಹಡಿಯಲ್ಲಿ ಈ ಅಪಾಯ ಹೆಚ್ಚು. ಪರೀಕ್ಷೆಗೆ ಖರ್ಚಿಲ್ಲ: 18 ಅಂಗುಲ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ, ಕಡಿಮೆಯೆಂದರೂ 16 ಗಂಟೆ ಬಿಡಿ. ಎತ್ತಿದಾಗ ಅಡಿಯಲ್ಲಿ ಬೆವರಿದ್ದರೆ, ನೆಲ ಕಪ್ಪಿಟ್ಟಿದ್ದರೆ ಬಣ್ಣದ ಯೋಚನೆ ಬಿಡಿ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಯಲ್ಲಂತೂ ಈ ಪರೀಕ್ಷೆ ಮಾಡದೆ ಮುಂದುವರಿಯಬೇಡಿ. ಇನ್ನು ಬಿಸಿಲು ಬೀಳುವ ಜಾಗದಲ್ಲಿ ಎಪಾಕ್ಸಿ ಹಳದಿಗಟ್ಟುತ್ತದೆ.

ಪೈಪಿಗೆಂದೋ ವೈರಿಗೆಂದೋ ಅಗೆದು, ಬೂದು ಸಿಮೆಂಟಿನ ತೇಪೆಯೇ ಅರ್ಧ ಕೋಣೆ ತುಂಬಿದ್ದರೆ ಮಾತ್ರ ಬಣ್ಣ ಹೊಡೆಸುವುದು ನ್ಯಾಯವೇ. ಆಗ ಕಾಂಕ್ರೀಟ್ ನೆಲಕ್ಕೆಂದೇ ತಯಾರಾದ ಪೇಂಟ್ ಕೇಳಿ ತನ್ನಿ. ಮೇಣ, ಎಣ್ಣೆ ಒಂದಿಷ್ಟೂ ಉಳಿಯದಂತೆ ತೆಗೆದು, ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಧೂಳು ಒರೆಸಿದ ಮೇಲೆ ಎರಡು ತೆಳು ಕೋಟ್ ಸಾಕು. ಕೈಗೆ ಅಂಟದಿದ್ದರೆ ಗಟ್ಟಿಯಾಯಿತೆಂದಲ್ಲ. ಬೀರು, ಮಂಚ ಎಳೆಯಲು ಡಬ್ಬಿಯ ಮೇಲೆ ಹೇಳಿದಷ್ಟು ದಿನ ಕಾಯಿರಿ.

ಹಿಂದಿನವರು ಬಳಿಸಿಹೋದ ಬಣ್ಣ ತೆಗೆಸುವುದಾದರೆ ನೇರವಾಗಿ ಗ್ರೈಂಡಿಂಗ್ ಮಷೀನ್ ಇಳಿಸಲು ಬಿಡಬೇಡಿ. ಕೆಂಪು ಪದರವೇ ತೆಳು, ಬಣ್ಣದ ಜೊತೆ ಅದೂ ಸವೆದುಹೋಗುತ್ತದೆ. ಪೇಂಟ್ ರಿಮೂವರ್ ಹಚ್ಚಿ, ಕಿಟಕಿ ತೆರೆದಿಟ್ಟು, ಮೊದಲು ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಕೆರೆಗತ್ತಿಯಿಂದ ಎಬ್ಬಿಸಿ ನೋಡಲು ಹೇಳಿ.