ಕಾಳು ತಂದ ದಿನ

ಗದಗಿನ ಬಸ್ಸು ಕೋಟುಮಚಗಿ ದಾಟಿದರೆ ಎರಡೂ ಕಡೆ ಎರೆಹೊಲ. ಜನವರಿಯ ಬಿಳಿಜೋಳ ತೆನೆ ಹೊತ್ತು ನಿಂತಿದೆ. ನನ್ನ ಜೇಬಿನ ಪೆನ್‌ಡ್ರೈವಿನಲ್ಲಿ ಫ್ರೀಬಿಎಸ್‌ಡಿ 14ರ ಇಡೀ ಸೋರ್ಸ್ ಕೋಡ್. ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್‌ನಿಂದ ಕವಲೊಡೆದು 1993ರಲ್ಲಿ ಹುಟ್ಟಿದ ಕಾರ್ಯಾಚರಣೆ ವ್ಯವಸ್ಥೆ ಇದು. ನರೇಗಲ್ಲಿನ ಒಂದು ಕೋಣೆಯಲ್ಲಿ ಎಂಟು ಹಳೆಯ ಕಂಪ್ಯೂಟರುಗಳು ಇದರ ದಾರಿ ಕಾಯುತ್ತಿವೆ. ಒಂದಕ್ಕೂ ಇಂಟರ್ನೆಟ್ ಇಲ್ಲ.

"ರೆಡಿ ಇದ್ದದ್ದನ್ನ ಹಾಕಿದ್ರ ಆಗಲ್ಲೇನ್ರಿ ಸರ್?" ಪಿಯುಸಿ ಹುಡುಗಿಯ ಪ್ರಶ್ನೆ.

"ಆಗತೈತವಾ. ಸಂತ್ಯಾಗ ಹಿಟ್ಟೂ ಸಿಗತೈತಿ, ಕಾಳೂ ಸಿಗತೈತಿ. ಕಾಳಾದ್ರ ಹಸನ ಮಾಡಿ, ಕಣ್ಣಾರೆ ನೋಡಿ ಬೀಸಬಹುದು."

ಹಸನ ಮಾಡುವುದೇ ಮೊದಲ ಕೆಲಸ. ಗದಗಿನಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದ 64 ಅಕ್ಷರಗಳ ತಾಳೆಸಂಖ್ಯೆಯನ್ನು ಅವಳು ಗಟ್ಟಿಯಾಗಿ ಓದಿದಳು, ಅವಳ ತಮ್ಮ ಪರದೆಯ ಮೇಲೆ ಬೆರಳಿಟ್ಟು ಹೋಲಿಸಿದ. ಒಂದಕ್ಷರ ತಪ್ಪಿದರೂ ಕಡತ ಕೆಟ್ಟಿದೆ ಎಂದೇ ಅರ್ಥ. ತಪ್ಪಲಿಲ್ಲ. ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಸಂರಚನೆಯ ಕಡತಕ್ಕೆ ಒಂದು ಹೆಸರು ಬೇಕಿತ್ತು. ಅವಳೇ ಬರೆದಳು: ನರೇಗಲ್.

ಕೆಲಸ ಶುರುವಾಗುವ ಮೊದಲೇ ನಿಂತಿತು. ಯಂತ್ರದ ಗಡಿಯಾರ 2009ರ ಜನವರಿ 1 ಎನ್ನುತ್ತಿತ್ತು. ಒಳಗಿನ ಬಿಲ್ಲೆಬ್ಯಾಟರಿ ಸತ್ತಿತ್ತು. ನೆಟ್ ಇಲ್ಲದ ಯಂತ್ರಕ್ಕೆ ಸಮಯ ಹೇಳಿಕೊಡುವವರು ಯಾರು? ಈ ಕೆಲಸ ನಡೆಸುವ 'ಮೇಕ್' ಎಂಬ ಪ್ರೋಗ್ರಾಂ ಕಡತಗಳ ವೇಳೆ ನೋಡಿಯೇ ಯಾವುದು ಹಳತು, ಯಾವುದು ಹೊಸತು ಎಂದು ತೀರ್ಮಾನಿಸುತ್ತದೆ. ಗಡಿಯಾರ ಹಿಂದಿದ್ದರೆ ಈಗ ತಾನೇ ತಯಾರಾದದ್ದೂ ಸೋರ್ಸಿಗಿಂತ ಹಳೆಯದಾಗಿ ಕಂಡು, ಮಾಡಿದ್ದನ್ನೇ ಮತ್ತೆ ಮಾಡಲು ಹೊರಡುತ್ತದೆ. ಪೇಟೆಯ ವಾಚಿನ ಅಂಗಡಿಯಿಂದ ಸಿಆರ್2032 ಬ್ಯಾಟರಿ ಬಂತು. ಹುಡುಗ ಅದನ್ನು ಉಗುರಿನಿಂದ ಒತ್ತಿ ಕೂರಿಸಿದ, ನನ್ನ ಕೈಗಡಿಯಾರ ನೋಡಿ ಸಮಯ ತುಂಬಿದ.

ಆಮೇಲೆ ಗಂಟೆಗಟ್ಟಲೆ ಸಾಲುಗಳು ಓಡಿದವು. ಹೆಚ್ಚು ಹೊತ್ತು ತಿಂದದ್ದು ಕ್ಲಾಂಗ್ ಎಂಬ ಕಂಪೈಲರ್. ಬೀಸುವ ಮೊದಲು ಬೀಸುಕಲ್ಲನ್ನೇ ಕಟೆಯುವ ಕೆಲಸ ಅದು.

ಆ ಹೊತ್ತಿಗೆ ನಾವು ಊರೊಳಗಿನ ನಾರಾಯಣ ಗುಡಿಗೆ ಹೋಗಿ ಬಂದೆವು. 950ರ ಹೊತ್ತಿಗೆ, ರಾಷ್ಟ್ರಕೂಟರ ಕಾಲದಲ್ಲಿ, ಗಂಗ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ ಜೈನ ಬಸದಿ ಅದು. ಕಟ್ಟಿಸಿದವಳ ಹೆಸರು ಶಾಸನದಲ್ಲಿ ಉಳಿದಿದೆ ಎಂದಾಗ ಹುಡುಗಿ ಬಹಳ ಹೊತ್ತು ಕಂಬ ಮುಟ್ಟಿಕೊಂಡೇ ನಿಂತಳು.

ಮರಳಿದಾಗ ಫ್ಯಾನಿನ ಸದ್ದು ಇಳಿದಿತ್ತು. ಉಳಿದ ಏಳು ಯಂತ್ರಗಳಿಗೆ ಬೀಸುವ ಗೋಜಿಲ್ಲ. ಒಂದರಲ್ಲಿ ತಯಾರಾದದ್ದನ್ನು ಸ್ವಿಚ್ಚು, ವೈರಿನ ಮೂಲಕ ಎಲ್ಲಕ್ಕೂ ಬಡಿಸಿದೆವು. ಮೊದಲು ಕರ್ನಲ್, ಒಮ್ಮೆ ರೀಬೂಟ್, ಆಮೇಲೆ ಉಳಿದದ್ದು. ಹೊಸ ಕರ್ನಲ್ ಹಳೆಯ ಪ್ರೋಗ್ರಾಂಗಳ ಮಾತು ಕೇಳುತ್ತದೆ. ಹೊಸ ಪ್ರೋಗ್ರಾಂ ಕೇಳಿದ್ದು ಹಳೆಯ ಕರ್ನಲ್ಲಿಗೆ ತಿಳಿಯದೇ ಹೋಗಬಹುದು. ಈ ಅನುಕ್ರಮ ತಪ್ಪಿಸಿ ಹಿಂದೊಮ್ಮೆ ಒಂದು ಯಂತ್ರ ಕೆಡಿಸಿಕೊಂಡವನು ನಾನು. ಹಾಗಾಗಿ ಪ್ರತಿ ಯಂತ್ರದ ಮುಂದೆಯೂ ನಿಂತು ನೋಡಿದೆ.

ಎಂಟನೆಯದು ಎದ್ದು ಕೂತಾಗ ದೀಪ ಹಚ್ಚುವ ಹೊತ್ತು. ಹುಡುಗಿ 'ಯುನೇಮ್' ಆದೇಶ ಕೊಟ್ಟಳು. ಕಪ್ಪು ಪರದೆಯ ಮೇಲೆ ಊರಿನ ಹೆಸರು ಮೂಡಿತು.

"ತಮ್ಮಾ, ಬಾ ಇಲ್ಲೆ. ಓದು."